ಒಂಬತ್ತು ಸಾಲಿನ ಫಲಕ

ಬೈಕುಲ್ಲಾ
12 ಜೂನ್ 2024

ಚಿರಂಜೀವಿ ಶಿವಕುಮಾರಿಗೆ ಕಾಕಾ ಧರ್ಮಣ್ಣನ ಆಶೀರ್ವಾದ.

ಎರಡು ವರ್ಷದ ಮೇಲೆ ಬರೆಯುತ್ತಿದ್ದೇನೆ. ವಿಳಾಸವನ್ನು ನಿನ್ನ ಕಾಕಿ ಕೊಟ್ಟಳು. ಪ್ರತಿ ಭಾನುವಾರ ನೀನು ಅವಳಿಗೆ ಫೋನ್ ಮಾಡುವುದು ನನಗೆ ಗೊತ್ತು. ಅವಳ ತುಟಿ ಆಡುವುದನ್ನು ದೂರ ಕುಳಿತು ನೋಡುತ್ತೇನೆ. ನೀನು ಮನೆ ಬಿಟ್ಟಾಗ ನನಗೆ ಎಡಗಿವಿ ಅಷ್ಟಿಷ್ಟು ಕೇಳುತ್ತಿತ್ತು, ಈಗ ಅದೂ ಇಲ್ಲ. ಪಕ್ಕದ ವರ್ಕ್‌ಶಾಪ್ ಗಾಳೆಯಲ್ಲಿ ತಗಡು ಒತ್ತುವ ಪ್ರೆಸ್ ಇದೆಯಲ್ಲ, ಅದರ ಬಡಿತ ಈಗ ಅಂಗಾಲಿಗೆ ಮಾತ್ರ ತಿಳಿಯುತ್ತದೆ. ಮುಂಬೈಯ ಸಂತೆಯಂಥ ಈ ಬೈಕುಲ್ಲಾ ನೀರಿನ ತಳದಲ್ಲಿ ಮುಳುಗಿದಂತೆ ಇರುತ್ತದೆ. ಜನ ಬಾಯಿ ತೆರೆಯುತ್ತಾರೆ, ಕೈ ಬೀಸುತ್ತಾರೆ, ಬಸ್ಸುಗಳು ಮೀನಿನ ಹಾಗೆ ತೇಲಿಕೊಂಡು ಹೋಗುತ್ತವೆ. ಬೇಸರವೇನಿಲ್ಲ. ಹೇಳಿದೆ ಅಷ್ಟೆ.

ಕೆಲಸದ ಮಾತಿಗೆ ಬರುತ್ತೇನೆ. ನೀನು ಕಾಲೇಜಿನಲ್ಲಿದ್ದಾಗ ನನ್ನ ಕೆತ್ತುವ ಯಂತ್ರಕ್ಕೆ ಒಂದು ಪ್ರೋಗ್ರಾಂ ಬರೆದುಕೊಟ್ಟೆ. ಹೆಸರು ಟೈಪ್ ಮಾಡಿ ಗುಂಡಿ ಒತ್ತಿದರೆ ಸಾಕು, ಯಂತ್ರ ಹಿತ್ತಾಳೆಯ ಮೇಲೆ ಕೆತ್ತುತ್ತದೆ. ಏಳು ವರ್ಷ ಒಂದು ದಿನವೂ ತಪ್ಪಲಿಲ್ಲ. ಮನೆಯ ನಾಮಫಲಕ, ಡಾಕ್ಟರರ ಬೋರ್ಡು, ಮದುವೆಯ ಪಾತ್ರೆಯ ಮೇಲಿನ ಹೆಸರು, ಎಲ್ಲ ಒಂದೊಂದೇ ಸಾಲಿನವು. ಈಗ ಒಂದು ಸಂಘದವರು ದೊಡ್ಡ ಫಲಕ ಮಾಡಲು ಹೇಳಿದ್ದಾರೆ. ಒಂಬತ್ತು ಹೆಸರು, ಒಂದರ ಕೆಳಗೊಂದು. ಟೈಪ್ ಮಾಡಿ ಗುಂಡಿ ಒತ್ತಿದೆ. ಮೊದಲನೆಯ ಹೆಸರು ಚೆನ್ನಾಗಿ ಬಂತು. ಆಮೇಲೆ ಯಂತ್ರ ಸೂಜಿ ಎತ್ತಿಕೊಂಡು ಸುಮ್ಮನೆ ನಿಂತುಬಿಟ್ಟಿತು.

ಕಪ್ಪು ಪರದೆಯ ಮೇಲೆ ಮಿಕ್ಕ ಹೆಸರುಗಳು ಬಿಳಿ ಅಕ್ಷರದಲ್ಲಿ ಬಂದವು. ಒಂದೊಂದರ ಮುಂದೆಯೂ ಇಂಗ್ಲಿಷಿನಲ್ಲಿ ‘ಕಮಾಂಡ್ ನಾಟ್ ಫೌಂಡ್’ ಎಂದಿದೆ. ಕೊನೆಯದರ ಮುಂದೆ ಮಾತ್ರ ಬೇರೇನೋ ಉದ್ದಕ್ಕೆ ಬಂತು, ಅದನ್ನು ಬರೆದುಕೊಳ್ಳಲಿಲ್ಲ. ಫೌಂಡ್ ಅಂದರೆ ಸಿಕ್ಕಿತು, ನಾಟ್ ಅಂದರೆ ಇಲ್ಲ, ಇಷ್ಟು ನನಗೆ ತಿಳಿಯುತ್ತದೆ. ಈ ಯಂತ್ರ ಯಾರನ್ನು ಹುಡುಕುತ್ತಿದೆ? ಮೂರು ದಿನದಿಂದ ಅದನ್ನೇ ಯೋಚಿಸುತ್ತಿದ್ದೇನೆ.

ಮೊದಲಾದರೆ ಉಳಿ ಹಿಡಿದು ಕೈಯಿಂದಲೇ ಕೆತ್ತಿಬಿಡುತ್ತಿದ್ದೆ. ಈಗ ಬೆರಳು ನಡುಗುತ್ತವೆ. ಫಲಕ ನವೆಂಬರಿಗೆ ಬೇಕು. ನೀನು ಬರಬೇಕಾಗಿಲ್ಲ. ಏನು ಮಾಡಬೇಕೆಂದು ಬರೆದು ತಿಳಿಸಿದರೆ ಸಾಕು.

ನಿನ್ನ ಕಾಕಾ,
ಧರ್ಮಣ್ಣ

•

ಪವಾಯಿ
20 ಜೂನ್ 2024

ಕಾಕಾ ಅವರಿಗೆ ನಮಸ್ಕಾರ.

ಲಕೋಟೆಯ ಮೇಲಿನ ಅಕ್ಷರ ನೋಡಿದ ಕೂಡಲೇ ನೀವೇ ಎಂದು ಗೊತ್ತಾಯಿತು. ಹಾಗೆ ಕಡೆದಂತೆ ಬರೆಯುವವರು ಬೇರೆ ಯಾರೂ ಇಲ್ಲ. ವಾಚ್‌ಮನ್ ಅದನ್ನು ಎರಡು ಸಲ ತಿರುಗಿಸಿ ನೋಡಿ ಕೊಟ್ಟ. ಈ ಬಿಲ್ಡಿಂಗಿಗೆ ಬ್ಯಾಂಕಿನ ಕಾಗದ ಬಿಟ್ಟು ಬೇರೆ ಬರುವುದಿಲ್ಲ. ಮುನಿಸಿಪಾಲಿಟಿ ಶಾಲೆಯ ಕನ್ನಡ ನನ್ನದು, ತಪ್ಪಿದ್ದಲ್ಲಿ ತಿದ್ದಿಕೊಳ್ಳಿ.

ತಪ್ಪು ಯಂತ್ರದ್ದಲ್ಲ, ನನ್ನದು. ಹತ್ತೊಂಬತ್ತನೇ ವಯಸ್ಸಿನಲ್ಲಿ ಬರೆದ ಪ್ರೋಗ್ರಾಂ ಅದು. ಅದು ನೀವು ಟೈಪ್ ಮಾಡಿದ್ದನ್ನು ನೇರವಾಗಿ ಯಂತ್ರಕ್ಕೆ ಕೊಡುವುದಿಲ್ಲ. ನಡುವೆ ಶೆಲ್ ಅಂತ ಒಂದಿದೆ, ಕಂಪ್ಯೂಟರಿನ ಮುಕಾದಮ ಅಂದುಕೊಳ್ಳಿ. ನಾವು ಹೇಳಿದ ಆಜ್ಞೆಯನ್ನು ಕೇಳಿಸಿಕೊಂಡು ಅವನು ಕೆಲಸ ಮಾಡಿಸುತ್ತಾನೆ. ಅವನ ಲೆಕ್ಕದಲ್ಲಿ ಒಂದು ಸಾಲು ಅಂದರೆ ಒಂದು ಆಜ್ಞೆ. ಸಾಲು ಮುಗಿದರೆ ಆಜ್ಞೆ ಮುಗಿಯಿತು. ಆದ್ದರಿಂದ ಮೊದಲನೇ ಹೆಸರನ್ನು ಕೆತ್ತಿಸಿದ. ಎರಡನೇ ಸಾಲಿನಲ್ಲಿ ಬರೀ ಒಬ್ಬ ಮನುಷ್ಯನ ಹೆಸರಿತ್ತು. ಅದನ್ನೂ ಒಂದು ಆಜ್ಞೆ ಅಂದುಕೊಂಡು ಕಂಪ್ಯೂಟರಿನ ತುಂಬ ಹುಡುಕಿದ, ಸಿಗಲಿಲ್ಲ ಅಂದ. ಮೂರನೆಯದಕ್ಕೂ ಹಾಗೆಯೇ. ಅವನು ಯಾರನ್ನೂ ಹುಡುಕುತ್ತಿರಲಿಲ್ಲ ಕಾಕಾ. ಅವು ಹೆಸರು ಅನ್ನುವುದೇ ಅವನಿಗೆ ತಿಳಿಯಲಿಲ್ಲ.

ಸಾಲು ಮುರಿಯುವ ಜಾಗದಲ್ಲೆಲ್ಲ ಒಂದು ಓರೆಗೆರೆ, ಅದರ ಪಕ್ಕ ಇಂಗ್ಲಿಷಿನ ಸಣ್ಣ ಎನ್ ಹಾಕಿದರೆ ‘ಇಲ್ಲಿಂದ ಹೊಸ ಸಾಲು’ ಎಂದು ಅರ್ಥ. ಪ್ರೋಗ್ರಾಮಿನ ಹದಿನಾಲ್ಕನೇ ಸಾಲನ್ನು ಅಳಿಸಿ, ಈ ಹಾಳೆಯ ಹಿಂದೆ ಬರೆದಿರುವುದನ್ನು ಹಾಕಿ. ಒಂದು ಚುಕ್ಕೆಯೂ ಆಚೀಚೆ ಆಗಬಾರದು. ನಿಮಗೆ ಅದನ್ನು ಹೇಳಬೇಕಾಗಿಲ್ಲ.

ಇಲ್ಲಿ ಮಳೆ ಶುರುವಾಗಿದೆ. ಬೆಳಿಗ್ಗೆ ಕೆರೆಯ ಮೇಲೆ ಎಷ್ಟು ಮಂಜು ಅಂದರೆ ಆಚೆ ದಡದ ಕಟ್ಟಡಗಳಿಗೆ ಕಾಲೇ ಇರುವುದಿಲ್ಲ, ಮೇಲಿನ ಮಹಡಿಗಳು ಮಾತ್ರ ಗಾಳಿಯಲ್ಲಿ ನಿಂತಿರುತ್ತವೆ. ನೀವು ಬೇಡ ಅಂದ ಜಾಗ ಇಷ್ಟು ಚೆನ್ನಾಗಿದೆ. ಯಾಕೆ ಬೇಡ ಅಂದಿರಿ ಎನ್ನುವುದು ಇವತ್ತಿಗೂ ನನಗೆ ಗೊತ್ತಿಲ್ಲ.

ಶಿವಕುಮಾರಿ

•

ಬೈಕುಲ್ಲಾ
1 ಜುಲೈ 2024

ಚಿ. ಶಿವಕುಮಾರಿಗೆ ಆಶೀರ್ವಾದ.

ನೀನು ಹೇಳಿದಂತೆಯೇ ಮಾಡಿದೆ. ಆ ಒಂದು ಸಾಲು ಟೈಪ್ ಮಾಡಲು ಮುಕ್ಕಾಲು ತಾಸು ಹಿಡಿಯಿತು.

ಹಿತ್ತಾಳೆ ಹಾಳಾಗದಿರಲಿ ಎಂದು ಮೊದಲು ಹಳೆಯ ತಗಡಿನ ಪತ್ರಾದ ಮೇಲೆ ನೋಡಿದೆ. ಸಂಘದವರ ಹೆಸರು ಯಾಕೆ ಸುಮ್ಮನೆ ತಗಡಿನ ಮೇಲೆ ಎಂದು ಸ್ಟೇಷನ್ನುಗಳ ಹೆಸರು ಹಾಕಿದೆ. ಬೈಕುಲ್ಲಾ, ಚಿಂಚ್‌ಪೋಕ್ಲಿ, ಕರಿರೋಡ್, ಪರೇಲ್, ದಾದರ್, ಮಾಟುಂಗಾ, ಸಾಯನ್, ಕುರ್ಲಾ, ವಿದ್ಯಾವಿಹಾರ್. ಒಂಬತ್ತಾದವು. ಯಂತ್ರ ಈ ಸಲ ನಿಲ್ಲಲಿಲ್ಲ, ಆದರೆ ಕೆಳಗೆ ಇಳಿಯಲೂ ಇಲ್ಲ. ಒಂದೇ ಸಾಲಿನಲ್ಲಿ ತಗಡಿನ ಅಂಚಿನವರೆಗೂ ಓಡಿ, ಮುಂದೆ ಜಾಗವಿಲ್ಲದೆ ಗಾಳಿಯಲ್ಲೇ ಕೆತ್ತತೊಡಗಿತು. ಎರಡೆರಡು ಸ್ಟೇಷನ್ ನಡುವೆ ಒಂದು ಎನ್. ಓರೆಗೆರೆಯನ್ನು ಯಾರೋ ತಿಂದುಹಾಕಿದ್ದಾರೆ. ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಕಳಿಸಿದ್ದೇನೆ, ನೋಡು.

ನಿನ್ನ ಕಾಕಿ ಗುರುಬಾಯಿ ಈ ಪತ್ರಾ ನೋಡಿ ಬಹಳ ನಕ್ಕಳು. ಅವಳು ನಗುವುದನ್ನು ನೋಡಿ ನಾನೂ ನಕ್ಕೆ. ನಿನಗೆ ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ. ಅಂಚೆಯಲ್ಲಿ ಕಳಿಸಿದರೆ ಎಣ್ಣೆ ಒಡೆದು ಕಾಗದವೆಲ್ಲ ಹಾಳಾದೀತು ಎಂದೆ. ಕೇಳಲಿಲ್ಲ, ನಾಳೆಯೇ ಕಳಿಸುತ್ತಾಳಂತೆ.

ಮುಂದೆ ಏನು ಮಾಡಲಿ?

ಕಾಕಾ ಧರ್ಮಣ್ಣ

•

ಪವಾಯಿ
9 ಜುಲೈ 2024

ಕಾಕಾ ಅವರಿಗೆ,

ಓರೆಗೆರೆಯನ್ನು ತಿಂದವನು ಅದೇ ಮುಕಾದಮ. ಅದು ತನಗೇ ಕೊಟ್ಟ ಗುರುತು ಅಂದುಕೊಂಡ. ನನ್ನದೇ ತಪ್ಪು, ಅವಸರದಲ್ಲಿ ಬರೆದೆ. ಆಫೀಸಿನಲ್ಲಿ ಇಂಥ ತಪ್ಪನ್ನು ಬೇರೆಯವರು ಮಾಡಿದರೆ ನಾನೇ ಹಿಡಿಯುತ್ತೇನೆ.

ಉಜ್ಜಿದ ಕಾಗದವನ್ನು ನನ್ನ ಮೇಜಿನ ಮುಂದೆ ಅಂಟಿಸಿದ್ದೇನೆ. ಸಣ್ಣವಳಿದ್ದಾಗ ಲೋಕಲಿನಲ್ಲಿ ನಿಮ್ಮ ತೊಡೆಯ ಮೇಲೆ ಕುಳಿತು ಸ್ಟೇಷನ್ನಿನ ಬೋರ್ಡು ಓದುತ್ತಿದ್ದೆ, ನಡುನಡುವೆ ನಿದ್ದೆ ಬಂದುಬಿಡುತ್ತಿತ್ತು. ಕಣ್ಣು ಬಿಟ್ಟಾಗ ಯಾವ ಸ್ಟೇಷನ್ ಅಂತ ತಿಳಿಯದೆ, ಹಳಿಗಳು ಎಲ್ಲಿಗೆ ಬೇಕಾದರೂ ಹೋಗುತ್ತಿರಬಹುದು ಅನ್ನಿಸುತ್ತಿತ್ತು. ನೀವು ಮಾತ್ರ ಕಿಟಕಿಯ ಆಚೆ ನೋಡುತ್ತಿದ್ದಿರಿ.

ಈ ಸಲ ಬೇರೆ ಉಪಾಯ. ಬರಹದ ಹಿಂದೆ ಮುಂದೆ ಒಂದೊಂದು ಉದ್ಧರಣ ಚಿಹ್ನೆ ಹಾಕಬೇಕು, ಅಕ್ಷರದ ತಲೆಯ ಹತ್ತಿರ ನೇತಾಡುವ ಒಂಟಿ ಗುರುತು. ಒಂದು ಚಿಹ್ನೆಯಿಂದ ಇನ್ನೊಂದರವರೆಗೆ ಇರುವುದೆಲ್ಲ ಒಂದೇ ಗಂಟು ಎಂದು ಶೆಲ್ ತಿಳಿಯುತ್ತದೆ, ಒಳಗೆ ಎಷ್ಟು ಸಾಲಿದ್ದರೂ ಬಿಚ್ಚಿ ನೋಡುವುದಿಲ್ಲ. ಹದಿನಾಲ್ಕನೇ ಸಾಲನ್ನು ಮತ್ತೆ ಹಾಳೆಯ ಹಿಂದೆ ಬರೆದಿದ್ದೇನೆ.

ಹಿಂಡಿ ತಲುಪಿತು. ಎಣ್ಣೆ ಒಡೆದಿತ್ತು. ಆದರೂ ಅರ್ಧ ಡಬ್ಬಿ ತಿಂದು ಮುಗಿಸಿದೆ.

ಶಿವಕುಮಾರಿ

•

ಬೈಕುಲ್ಲಾ
30 ಜುಲೈ 2024

ಚಿ. ಶಿವಕುಮಾರಿಗೆ,

ಸ್ಟೇಷನ್ನುಗಳು ಒಂದರ ಕೆಳಗೊಂದು ಇಳಿದು ಬಂದವು. ಏಣಿ ಇಳಿದಂತೆ. ಒಂಬತ್ತೂ ನೆಟ್ಟಗೆ ಬಂದವು. ನೋಡುತ್ತ ಕುಳಿತುಬಿಟ್ಟೆ.

ಆಮೇಲೆ ಸಂಘದ ಪಟ್ಟಿ ಹಾಕಿದೆ. ಏನೂ ಕೆತ್ತಲಿಲ್ಲ. ಮೊದಲು ಒಂದು ಹೆಸರಾದರೂ ಬರುತ್ತಿತ್ತು, ಈಗ ಅದೂ ಇಲ್ಲ. ಪರದೆಯ ಮೇಲೆ ಇಂಗ್ಲಿಷಿನ ಒಂದು ಸಾಲು ಬಂತು, ಅಕ್ಷರ ನೋಡಿ ಕೆಳಗೆ ಬರೆದಿದ್ದೇನೆ. ಮೂರು ಸಲ ಮಾಡಿದೆ, ಮೂರು ಸಲವೂ ಹಾಗೆಯೇ.

ಅದಕ್ಕೆ ಸ್ಟೇಷನ್ ಬೇಕು, ಈ ಮನುಷ್ಯರು ಬೇಡ ಎಂದು ಕಾಣುತ್ತದೆ.

ಕಾಕಾ

•

ಪವಾಯಿ
6 ಆಗಸ್ಟ್ 2024

ಕಾಕಾ ಅವರಿಗೆ,

ನೀವು ಬರೆದ ಇಂಗ್ಲಿಷ್ ಸಾಲಿನ ಅರ್ಥ ಇಷ್ಟು: ಒಂದು ಉದ್ಧರಣ ಚಿಹ್ನೆ ತೆರೆದಿದೆ, ಮುಚ್ಚಿಲ್ಲ. ಅಂದರೆ ನಿಮ್ಮ ಪಟ್ಟಿಯ ಒಳಗೇ ಎಲ್ಲೋ ಅದೇ ಗುರುತು ಇದೆ, ಯಾವುದೋ ಹೆಸರಿನ ಹೊಟ್ಟೆಯಲ್ಲಿ. ಸ್ಟೇಷನ್ನುಗಳಲ್ಲಿ ಅದು ಇಲ್ಲ, ಅದಕ್ಕೇ ಅವು ಬಂದವು. ಆ ಪಟ್ಟಿಯನ್ನು ನೋಡದೆ ನಾನು ಮುಂದೆ ಏನೂ ಹೇಳಲಾರೆ. ಇದ್ದದ್ದು ಇದ್ದ ಹಾಗೆ ಒಂಬತ್ತೂ ಹೆಸರು ಬರೆದು ಕಳಿಸಿ.

ಅದು ಯಾವ ಸಂಘ, ಯಾರ ಹೆಸರು ಎಂದು ಎರಡು ತಿಂಗಳಲ್ಲಿ ಒಮ್ಮೆಯೂ ನೀವು ಬರೆದಿಲ್ಲ. ನಾನೂ ಕೇಳಿರಲಿಲ್ಲ, ಕೇಳಿದರೆ ನೀವು ಹೇಳುವವರಲ್ಲ ಅಂತ. ಎರಡು ವರ್ಷದ ಹಿಂದೆ ಪವಾಯಿಯಲ್ಲಿ ಖೋಲಿ ಸಿಕ್ಕಿತು ಅಂದಾಗ ನೀವು “ಅಲ್ಲಿ ಬ್ಯಾಡ, ಬ್ಯಾರೆ ಎಲ್ಯಾರ ನೋಡು” ಅಂದಿರಿ. ಯಾಕೆ ಎಂದು ಎಷ್ಟು ಸಲ ಕೇಳಿದೆ. ನೀವು ಕಿವಿಯ ಯಂತ್ರ ತೆಗೆದು ಮೇಜಿನ ಮೇಲೆ ಇಟ್ಟುಬಿಟ್ಟಿರಿ. ಅಪ್ಪನ ಬಗ್ಗೆ ಕೇಳಿದಾಗಲೂ ಯಾವಾಗಲೂ ಹಾಗೆಯೇ. ನನಗೆ ನಾಲ್ಕು ವರ್ಷ ಆಗಿದ್ದಾಗ ಇಲ್ಲೇ ಮುಂಬೈಯಲ್ಲಿ ಕೆಲಸ ಮಾಡುವಾಗ ಮೇಲಿಂದ ಬಿದ್ದು ಹೋದ, ಅದಾಗಿ ಎರಡು ವರ್ಷಕ್ಕೆ ಅವ್ವ ಸೋಮವ್ವ ಹೋದಳು. ಇಷ್ಟೇ ನನಗೆ ಗೊತ್ತಿರುವುದು. ಆವತ್ತು ನಾನು ಮನೆ ಬಿಟ್ಟಿದ್ದು ಪವಾಯಿಗಾಗಿ ಅಲ್ಲ, ಮೇಜಿನ ಮೇಲಿದ್ದ ಆ ಕಿವಿಯ ಯಂತ್ರ ನೋಡಿ.

ಪಟ್ಟಿ ಕಳಿಸಿ.

ಶಿವಕುಮಾರಿ

•

ಬೈಕುಲ್ಲಾ
15 ಸೆಪ್ಟೆಂಬರ್ 2024

ಮಗಳೇ,

ತಡವಾಯಿತು. ನಾಲ್ಕು ಸಲ ಬರೆದು ಹರಿದು ಹಾಕಿದೆ. ಪಟ್ಟಿ ಇದು:

ಬಸಲಿಂಗಪ್ಪ
ಈಶ್ವರ
ದುರ್ಗಪ್ಪ
ಮಲಕಾಜಪ್ಪ
ಯಮನವ್ವ
ಕಾಶೀಬಾಯಿ
ಧರ್ಮಣ್ಣ
ಸಾಬಣ್ಣ
ಲೂಯಿಸ್ ಡಿ'ಸೋಜಾ

ನೀನು ಹುಡುಕುತ್ತಿದ್ದ ಗುರುತು ಕೊನೆಯ ಹೆಸರಿನಲ್ಲಿದೆ. ಅವನು ಮಂಗಳೂರಿನ ಕಡೆಯವನು, ಸೈಟಿನ ಸೂಪರ್‌ವೈಸರ್, ಒಳ್ಳೆಯ ಮನುಷ್ಯ. ಆದರೆ ನೀನು ನೋಡಬೇಕಾದದ್ದು ಏಳನೆಯದನ್ನು.

ಫಲಕ ಮಾಡಿಸುತ್ತಿರುವುದು ಕಟ್ಟಡ ಕೂಲಿಕಾರರ ಸಂಘ, ನಮ್ಮ ಕಡೆಯ ಚನ್ನಬಸಯ್ಯ ನಡೆಸುವಂಥದ್ದು. 2001ರ ನವೆಂಬರ್ 24ರಂದು ಪವಾಯಿಯಲ್ಲಿ ಕೆರೆಯ ಎದುರು ಕಟ್ಟುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ, ಏಳನೇ ಮಹಡಿಗೆ ನಿಂತು ಕೆಲಸ ಮಾಡಲು ಬಿದಿರು ಕಟ್ಟಿದ್ದ ಪರಾಂಚಿ ಮುರಿದು ಒಂಬತ್ತು ಜನ ಬಿದ್ದರು. ಈಗ ಅಲ್ಲಿ ವಾಸವಿರುವವರು ಗೇಟಿನ ಒಳಗೆ ಅವರ ಹೆಸರು ಹಾಕಲು ಒಪ್ಪಿದ್ದಾರೆ. ಆಗಿನ ಕೂಲಿ ಗ್ಯಾಂಗಿನ ಮುಕಾದಮನ ಹಳೆಯ ಹಾಜರಿ ಪುಸ್ತಕ ನೋಡಿ ಚನ್ನಬಸಯ್ಯ ಪಟ್ಟಿ ಮಾಡಿ ತಂದ. ಏಳನೆಯ ಹೆಸರು ಅವನಿಗೆ ಬರೀ ಹೆಸರು. ಈ ಹೆಸರಿನವರು ಎಷ್ಟು ಜನ ಇಲ್ಲ? ಅದು ನಾನೇ ಎಂದು ಅವನಿಗೆ ಗೊತ್ತಿರಲಿಲ್ಲ.

ಆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದವನು ನಾನು. ನಿನ್ನ ಅಪ್ಪ ಅಣವೀರಪ್ಪ ಊರಿಂದ ಬಂದು ಹನ್ನೊಂದು ದಿನವಾಗಿತ್ತು. ದುಡಿಯಲು ಬಂದವನಲ್ಲ, ತಮ್ಮ ಹೇಗಿದ್ದಾನೆ ನೋಡಿಕೊಂಡು ಹೋಗಲು ಬಂದಿದ್ದ. ಆ ಶನಿವಾರ ಬೈಕುಲ್ಲಾದಲ್ಲಿ ಹೆಸರು ಕೆತ್ತುವ ಮಾಲೀಕ ನನ್ನ ಕೈಕೆಲಸ ನೋಡುತ್ತೇನೆ ಬಾ ಅಂದಿದ್ದ. ಒಂದು ದಿನ ಗ್ಯಾಂಗಿಗೆ ತಪ್ಪಿಸಿದರೆ ಮುಕಾದಮ ಹೆಸರು ಹೊಡೆದುಹಾಕುತ್ತಿದ್ದ. ಇಲ್ಲಿ ಕೆಲಸ ಸಿಗದಿದ್ದರೆ ಅದೂ ಇಲ್ಲ, ಇದೂ ಇಲ್ಲ. ನಾನು ಅಣ್ಣನ ಹತ್ತಿರ ಹೇಳಿಕೊಂಡೆ. ನನ್ನ ಬದಲು ನೀನು ಹೋಗು ಎಂದು ಬಾಯಿ ಬಿಟ್ಟು ಕೇಳಲಿಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಕೇಳಿದೆ.

ಅವನು ಚಹಾ ಕುಡಿಯುತ್ತಿದ್ದ. ಬಸಿ ಕೆಳಗಿಟ್ಟು, “ನೀ ಹೋಗಿ ಬಾರೋ ತಮ್ಮಾ. ಬುಟ್ಟಿ ಹೊರೂದ ನನಗೇನ ಕಲಸ್ತೀ?” ಅಂದ. ನನ್ನ ಅಂಗಿ ಹಾಕಿಕೊಂಡ. ಮುಕಾದಮ ಧರ್ಮಣ್ಣ ಎಂದು ಕೂಗಿದಾಗ ಹೂಂ ಅಂದನಂತೆ.

ನನಗೆ ಕೆಲಸ ಸಿಕ್ಕಿತು. ಆವತ್ತು ನಾನು ಹಿತ್ತಾಳೆಯ ಮೇಲೆ ಮೊದಲನೇ ಅಕ್ಷರ ಕೆತ್ತುತ್ತಿದ್ದ ಹೊತ್ತಿನಲ್ಲೇ ಅದು ಆಯಿತು.

ನಿನ್ನ ಅವ್ವನಿಗೆ ಎಲ್ಲ ಹೇಳಿದ್ದೆ. ಸಾಯುವ ಮೊದಲು ಅವಳು ನಿನ್ನ ಕೈ ತೆಗೆದು ನನ್ನ ಕೈಯಲ್ಲಿ ಇಟ್ಟಳು. ಅದು ಕ್ಷಮೆಯೋ ಶಿಕ್ಷೆಯೋ ನನಗೆ ಇವತ್ತಿಗೂ ತಿಳಿದಿಲ್ಲ. ಪವಾಯಿಯ ಕಡೆ ನಾನು ಮತ್ತೆ ಕಾಲಿಟ್ಟಿಲ್ಲ. ನೀನು ಅಲ್ಲಿಗೇ ಹೋಗುತ್ತೇನೆ ಅಂದಾಗ ಏನೆಂದು ಹೇಳಲಿ?

ಈ ಪಟ್ಟಿ ಕೈಗೆ ಬಂದಾಗ ಮೊದಲು ಇದ್ದ ಹಾಗೇ ಕೆತ್ತಿಬಿಡೋಣ ಅಂದುಕೊಂಡೆ. ಅಲ್ಲಿ ಸತ್ತವನು ಧರ್ಮಣ್ಣನೇ ಎಂದು ಇರಲಿ, ಅರ್ಧ ನಿಜವೇ ಅದು ಎಂದು. ಪರದೆಯ ಮೇಲೆ ನನ್ನ ಹೆಸರು ಬಂದು, ಮುಂದೆ ‘ನಾಟ್ ಫೌಂಡ್’ ಎಂದು ಕಂಡಾಗ ಅಲ್ಲೇ ಕುಳಿತುಬಿಟ್ಟೆ. ಹಾಗೆ ಕೆತ್ತಿದರೆ ನನ್ನ ಅಣ್ಣನ ಹೆಸರು ಭೂಮಿಯ ಮೇಲೆ ಎಲ್ಲಿಯೂ ಇರುವುದಿಲ್ಲ.

ನಿನ್ನೆ ಚನ್ನಬಸಯ್ಯನ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವನು ಒಂದು ಚೀಟಿಯ ಮೇಲೆ ಬರೆದು ಕೊಟ್ಟ. ಹೆಸರು ತಿದ್ದಬಹುದು, ಆದರೆ ಸತ್ತವನ ಮಗಳು ಸಂಘಕ್ಕೆ ಒಂದು ಕಾಗದ ಬರೆದುಕೊಡಬೇಕು. ಬರೆಯುವುದೂ ಬಿಡುವುದೂ ನಿನಗೆ ಸೇರಿದ್ದು.

ಧರ್ಮಣ್ಣ

•

ಪವಾಯಿ
3 ನವೆಂಬರ್ 2024

ಕಾಕಾ ಅವರಿಗೆ,

ನಿಮ್ಮ ಕಾಗದ ಬಂದು ಆರು ವಾರ ದಾಟಿತು. ಎರಡು ಭಾನುವಾರ ಕಾಕಿಗೂ ಫೋನ್ ಮಾಡಲಿಲ್ಲ. ಮೂರನೆಯ ಭಾನುವಾರ ಅವರೇ ಮಾಡಿ, “ನಿಮ್ಮ ಕಾಕಾ ಸರಿಯಾಗಿ ಊಟಾ ಮಾಡವಲ್ರು. ಸಿಟ್ಟ ಬಿಡು ಅನ್ನಂಗಿಲ್ಲ ನಾ. ಆದ್ರ ಕಾಗದಾ ಪೂರಾ ಓದು” ಅಂದರು. ಪೂರಾ ಓದಿದ್ದೆ. ಎಷ್ಟು ಸಲ ಎಂದು ಹೇಳಿದರೆ ನಗುತ್ತೀರಿ.

ಆ ಬಿಲ್ಡಿಂಗ್ ಯಾವುದೆಂದು ನೀವು ಬರೆದಿರಲಿಲ್ಲ. ಸಂಘಕ್ಕೆ ಫೋನ್ ಮಾಡಿ ತಿಳಿದುಕೊಂಡೆ. ಹಳದಿ ಬಣ್ಣದ್ದು, ಹದಿನೆಂಟು ಮಹಡಿ. ಅದರ ಎದುರಿನ ಟಪರಿಯಲ್ಲಿ ನಾನು ಎರಡು ವರ್ಷದಿಂದ ಬೆಳಿಗ್ಗೆ ಚಹಾ ಕುಡಿಯುತ್ತಿದ್ದೇನೆ. ಈಗಲೂ ಅಲ್ಲಿಯೇ ಕುಡಿಯುತ್ತೇನೆ. ಏಳು ಮಹಡಿ ಎಣಿಸುತ್ತೇನೆ. ಅಲ್ಲೊಬ್ಬ ಹೆಂಗಸು ದಿನವೂ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಾಳೆ. ಅಲ್ಲಿ ಗಾಳಿ ಬಹಳ ಇರಬೇಕು, ಬಟ್ಟೆಗಳು ಹಾರಿಹೋಗುವಂತೆ ಆಡುತ್ತವೆ.

ಒಂದು ಕನಸು ಪದೇ ಪದೇ ಬರುತ್ತಿದೆ. ಕೆರೆಯ ಮೇಲೆ ಮಂಜು. ಯಾರೋ ಒಬ್ಬ ನಿಮ್ಮ ಅಂಗಿ ತೊಟ್ಟು, ತಲೆಯ ಮೇಲೆ ಬುಟ್ಟಿ ಹೊತ್ತು, ನೀರಿನ ಮೇಲೆ ನಿಧಾನ ನಡೆದು ಹೋಗುತ್ತಿದ್ದಾನೆ. ಅವಸರವಿಲ್ಲ. ನಾನು ಕೂಗಬೇಕು, ಆದರೆ ಯಾವ ಹೆಸರು ಕೂಗಲಿ ಎಂದು ಗೊತ್ತಾಗುವುದಿಲ್ಲ. ಅವನು ತಿರುಗದೆ ಮಂಜಿನೊಳಗೆ ಹೋಗುತ್ತಾನೆ. ಎಚ್ಚರವಾದ ಮೇಲೂ ಅಂಗಿಯ ಬಣ್ಣ ಕಣ್ಣಲ್ಲಿ ಇರುತ್ತದೆ. ತಿಳಿನೀಲಿ. ಅದು ನಿಜವಾಗಿ ಯಾವ ಬಣ್ಣದ್ದು ಎಂದು ನೀವು ಬರೆದಿಲ್ಲ.

ಸಂಘಕ್ಕೆ ಕಾಗದ ಕಳಿಸಿದ್ದೇನೆ. ಅಣವೀರಪ್ಪ ನನ್ನ ತಂದೆ, ಆ ದಿನ ಅಲ್ಲಿ ಕೆಲಸದಲ್ಲಿದ್ದವನು ಅವನು ಎಂದು ಬರೆದು ಸಹಿ ಮಾಡಿದ್ದೇನೆ.

ಪ್ರೋಗ್ರಾಮಿನ ಮಾತು. ಉದ್ಧರಣ ಚಿಹ್ನೆಯ ಉಪಾಯ ಸರಿಯಲ್ಲ. ಡಿ'ಸೋಜಾ ಅವರ ಹೆಸರಿನ ಗುರುತು ಗಂಟನ್ನು ನಡುವೆಯೇ ಬಿಚ್ಚುತ್ತದೆ. ಆ ಗುರುತನ್ನು ಅಳಿಸಿ ಕೆತ್ತಬಹುದಿತ್ತು, ಆದರೆ ಹೆಸರು ಅವರದು, ನಮ್ಮ ಅನುಕೂಲಕ್ಕೆ ಮುರಿಯುವುದು ಸರಿಯಲ್ಲ. ಅದಕ್ಕೆ ಶೆಲ್ಲನ್ನೇ ನಡುವಿನಿಂದ ತೆಗೆದುಬಿಟ್ಟಿದ್ದೇನೆ. ಇನ್ನು ನೀವು ಟೈಪ್ ಮಾಡಿದ್ದು ಯಾರ ಕಿವಿಗೂ ಬೀಳದೆ ನೇರವಾಗಿ ಯಂತ್ರಕ್ಕೆ ತಲುಪುತ್ತದೆ. ಸಾಲು ಸಾಲಾಗಿಯೇ, ಹೆಸರು ಹೆಸರಾಗಿಯೇ. ಇದನ್ನು ಮೊದಲನೇ ದಿನವೇ ಮಾಡಬೇಕಿತ್ತು. ನಾಲ್ಕು ಸಾಲು ಬದಲಿಸಬೇಕು, ಹಾಳೆಯ ಹಿಂದೆ ಇವೆ.

ಶಿವಕುಮಾರಿ

•

ಬೈಕುಲ್ಲಾ
12 ನವೆಂಬರ್ 2024

ಮಗಳೇ,

ಫಲಕ ಆಯಿತು.

ಪತ್ರಾದ ಮೇಲೆ ನೋಡದೆ ನೇರವಾಗಿ ಹಿತ್ತಾಳೆಯನ್ನೇ ಇಟ್ಟೆ. ನಿನ್ನ ಕಾಕಿ ಬೇಡ ಅಂದಳು, ಕೇಳಲಿಲ್ಲ. ಗುಂಡಿ ಒತ್ತಿ, ಕಿವಿ ಇಲ್ಲದವನು ಏನು ಮಾಡಲಿ, ಅಂಗೈಯನ್ನು ಫಲಕದ ಅಂಚಿಗೆ ಇಟ್ಟುಕೊಂಡು ಕುಳಿತೆ. ಒಂದೊಂದು ಅಕ್ಷರ ಒಂದೊಂದು ಬಗೆಯಲ್ಲಿ ಕೈಗೆ ತಾಗುತ್ತದೆ. ಬಸಲಿಂಗಪ್ಪ ಬಂದ. ಈಶ್ವರ, ದುರ್ಗಪ್ಪ, ಮಲಕಾಜಪ್ಪ. ಯಮನವ್ವ, ಕಾಶೀಬಾಯಿ. ಇವರೆಲ್ಲರ ಜೊತೆ ನಾನು ರೊಟ್ಟಿ ತಿಂದಿದ್ದೆ ಎನ್ನುವುದು ಎಷ್ಟೋ ವರ್ಷದಿಂದ ನೆನಪಿರಲಿಲ್ಲ. ಏಳನೇ ಸಾಲಿಗೆ ಕಣ್ಣು ಮುಚ್ಚಿಕೊಂಡೆ. ‘ಅ’ ಬರೆಯುವಾಗ ಸೂಜಿ ದೊಡ್ಡ ಸುತ್ತು ಹಾಕುತ್ತದೆ. ಆ ಸುತ್ತು ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಎದೆಗೆ ಬಂತು. ಎಂಟನೆಯದು, ಒಂಬತ್ತನೆಯದು ಯಾವಾಗ ಮುಗಿದವೋ ತಿಳಿಯಲಿಲ್ಲ. ಕಣ್ಣು ಬಿಟ್ಟಾಗ ಗುರುಬಾಯಿ ಫಲಕದ ಮೇಲಿನ ಹಿತ್ತಾಳೆ ಪುಡಿಯನ್ನು ಸೆರಗಿನಿಂದ ಒರೆಸುತ್ತಿದ್ದಳು.

ಅಂಗಿ ಬಿಳಿಯದು, ಸಣ್ಣ ಚೌಕಡಿ ಇತ್ತು. ಆದರೆ ಕನಸಿನಲ್ಲಿ ನೀಲಿ ಇದ್ದರೆ ನೀಲಿಯೇ ಇರಲಿ.

ಇಪ್ಪತ್ನಾಲ್ಕಕ್ಕೆ ಫಲಕ ಹಚ್ಚುತ್ತಾರೆ. ನಾನು ಬರಬಹುದೇ? ಚನ್ನಬಸಯ್ಯ ಬಾ ಅಂದಿದ್ದಾನೆ. ಅವನು ಕರೆದದ್ದು ಸಾಕಾಗುವುದಿಲ್ಲ.

ಧರ್ಮಣ್ಣ

•

ಪವಾಯಿ
16 ನವೆಂಬರ್ 2024

ಬನ್ನಿ. ಕಾಂಜೂರ್‌ಮಾರ್ಗ್ ಸ್ಟೇಷನ್ನಿನಲ್ಲಿ ಪಶ್ಚಿಮದ ಕಡೆ ಇಳಿಯಿರಿ. ಸೇತುವೆಯ ಮೆಟ್ಟಿಲ ಕೆಳಗೆ ನಿಂತಿರುತ್ತೇನೆ.

ಶಿವಕುಮಾರಿ

•

ಪವಾಯಿ
24 ನವೆಂಬರ್ 2024, ಮಧ್ಯಾಹ್ನ

ಕಾಕಾ,

ಇದನ್ನು ಅಂಚೆಗೆ ಹಾಕುವುದಿಲ್ಲ. ನೀನು ಇಲ್ಲೇ ನಾಲ್ಕು ಮಾರು ದೂರದಲ್ಲಿ ಚಾಪೆಯ ಮೇಲೆ ಮಲಗಿದ್ದೀ. ಕಾಕಿ ಪಕ್ಕದಲ್ಲಿ ಕುಳಿತಲ್ಲೇ ತೂಕಡಿಸುತ್ತಿದ್ದಾರೆ. ಐದು ತಿಂಗಳು ‘ನೀವು’ ಎಂದು ಬರೆದು ಸಾಕಾಯಿತು. ನಿನ್ನನ್ನು ನಾನು ಹಾಗೆ ಯಾವತ್ತೂ ಕರೆದವಳಲ್ಲ.

ಬೆಳಿಗ್ಗೆ ನೀನು ಮೆಟ್ಟಿಲು ಇಳಿದು ಬರುವಾಗ ಮೊದಲು ಗುರುತೇ ಹತ್ತಲಿಲ್ಲ. ಎರಡು ವರ್ಷದಲ್ಲಿ ಇಷ್ಟು ಸಣ್ಣಗಾಗುತ್ತಾರೆಯೇ? ರಿಕ್ಷಾದಲ್ಲಿ ಕೆರೆ ಕಂಡಾಗ ನಿನ್ನ ಕೈ ನನ್ನ ಮೊಣಕೈ ಹಿಡಿಯಿತು, ಆಮೇಲೆ ಬಿಡಲಿಲ್ಲ. ಗೇಟಿನ ಒಳಗೆ ಹದಿನೈದು ಇಪ್ಪತ್ತು ಜನ ಇದ್ದರು. ಆ ಬಿಲ್ಡಿಂಗಿನವರು ಕುರ್ಚಿ ಹಾಕಿದ್ದರು, ನೀನು ಕೂರಲಿಲ್ಲ. ಚನ್ನಬಸಯ್ಯ ಹೆಸರುಗಳನ್ನು ಓದಿದರು. ಒಬ್ಬ ಮುದುಕಿ, ಯಮನವ್ವನ ತಂಗಿಯಂತೆ, ಅಷ್ಟು ಜನರ ನಡುವೆ ಸಣ್ಣ ದನಿಯಲ್ಲಿ ಏನನ್ನೋ ಹಾಡಿಕೊಳ್ಳುತ್ತಿದ್ದಳು. ಯಾರೂ ಅವಳನ್ನು ತಡೆಯಲಿಲ್ಲ. ನಿನಗೆ ಅದು ಕೇಳಿಸಿರಲಾರದು, ಅದಕ್ಕೆ ಬರೆದಿದ್ದೇನೆ.

ಆಮೇಲೆ ನೀನು ಫಲಕದ ಹತ್ತಿರ ಹೋದೆ. ನಾನು ನಿನ್ನ ಹಿಂದೆ ಇದ್ದೆ. ಏಳನೇ ಸಾಲಿನ ಮೇಲೆ ನೀನು ಬೆರಳು ಇಟ್ಟೆ. ಅದರ ಪಕ್ಕದಲ್ಲಿ ನಾನೂ ಬೆರಳು ಇಟ್ಟೆ. ಹಿತ್ತಾಳೆ ಬಿಸಿಲಿಗೆ ಕಾದಿತ್ತು. ಇಪ್ಪತ್ತೇಳು ವರ್ಷದಲ್ಲಿ ನಾನು ಅಪ್ಪನ ಹೆಸರನ್ನು ಮುಟ್ಟಿದ್ದು ಇದೇ ಮೊದಲು.

ನನ್ನ ಸಿಟ್ಟು ಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವನು ನಿನ್ನ ಬದಲು ಹೋದ ಎನ್ನುವುದಕ್ಕೆ ನನಗೆ ಸಿಟ್ಟಿಲ್ಲ. ಬಹಳ ಯೋಚಿಸಿದೆ. ತಮ್ಮನ ಮುಖ ನೋಡಿ ಬಸಿ ಕೆಳಗಿಟ್ಟು ಎದ್ದವನು ಅವನು, ಅದನ್ನು ನಾನು ಅವನಿಂದ ಕಿತ್ತುಕೊಳ್ಳಲಾರೆ. ನನ್ನ ಸಿಟ್ಟು ಬೇರೆ. ಇಷ್ಟು ವರ್ಷ ನೀನು ಅವನನ್ನು ಒಬ್ಬನೇ ಇಟ್ಟುಕೊಂಡೆ. ನನಗೂ ಸೇರಿದವನು ಅವನು. ನನಗೆ ಅವನ ಸಾವು ಮಾತ್ರ ಸಿಕ್ಕಿತು, ಅದೂ ಹೋದ ಸೆಪ್ಟೆಂಬರಿನಲ್ಲಿ.

ಅಷ್ಟೊಂದು ಪುಟದಲ್ಲಿ ನೀನು ಆ ಒಂದು ದಿನವನ್ನು ಬರೆದೆ. ಅದಕ್ಕೆ ಮುಂಚೆ ಹತ್ತು ದಿನ ಇದ್ದವಲ್ಲ. ಊರಿಂದ ಬಂದವನು ದಾದರಿನಲ್ಲಿ ಇಳಿದನೋ, ವಿ.ಟಿ.ಯಲ್ಲೋ? ಕರೆಯಲು ಹೋಗಿದ್ದೆಯಾ? ಸಮುದ್ರ ತೋರಿಸಿದೆಯಾ? ನೋಡಿ ಏನಂದ? ಏನು ತಿಂದ, ಯಾವುದಕ್ಕೆ ನಕ್ಕ, ಲೋಕಲಿನಲ್ಲಿ ಹೆದರಿದನೋ ಇಲ್ಲವೋ? ನನ್ನ ಸಲುವಾಗಿ ಏನಾದರೂ ಕೊಂಡನೇ? ನನ್ನ ಹೆಸರು ಎತ್ತಿದನೇ?

ಕಾಗದದಲ್ಲಿ ಬೇಡ. ಬಾಯಿಂದ ಹೇಳು. ನಿನಗೆ ನಿನ್ನ ದನಿ ಕೇಳದಿದ್ದರೂ ಪರವಾಗಿಲ್ಲ, ದನಿ ಇನ್ನೂ ಹಾಗೇ ಇದೆ, ಬೆಳಿಗ್ಗೆ ರಿಕ್ಷಾದವನ ಜೊತೆ ಮಾತಾಡುವಾಗ ಕೇಳಿದೆ.

ಫ್ಯಾನಿನ ಗಾಳಿಗೆ ಪರದೆ ಮೆಲ್ಲಗೆ ಏಳುತ್ತದೆ, ಇಳಿಯುತ್ತದೆ. ನೀನು ನಿದ್ದೆಯಲ್ಲಿ ಒಮ್ಮೆ ಹುಬ್ಬು ಗಂಟಿಕ್ಕಿದೆ, ಮತ್ತೆ ಬಿಟ್ಟೆ. ಈ ಕಾಗದವನ್ನು ನಿನ್ನ ಕನ್ನಡಕದ ಕೆಳಗೆ ಇಡುತ್ತೇನೆ. ಎದ್ದ ಮೇಲೆ ಓದು, ಓದಿ ಮುಗಿಸಿ ಒಳಗೆ ಬಾ. ಸಂಜೆಯ ಗಾಡಿ ಇವತ್ತು ಬೇಡ, ಕಾಕಿಗೆ ಹೇಳಿದ್ದೇನೆ, ಅವರು ಒಪ್ಪಿದ್ದಾರೆ. ನಾನು ಅಡುಗೆಮನೆಯಲ್ಲಿ ಇರುತ್ತೇನೆ, ನಾಳೆಯೂ ರಜೆ ಹಾಕಿದ್ದೇನೆ.

ನಿನ್ನ,
ಶಿವೂ